ಮೂರನೇ ಕೂಗು

ಬಿಳಿಕೆರೆ
6-2-2005

ಸುಮಿತ್ರಾ,

ಹಿಂದೆ ಬರೆದಿರುವ ಹೆಸರು ನೋಡಿದ ಮೇಲೂ ನೀನು ಈ ಕಾಗದ ಒಡೆದಿದ್ದರೆ ನಾನು ಅರ್ಧ ಗೆದ್ದ ಹಾಗೆ. ನಾನು ಶಾಂತಲಾ. ಹುಣಸೂರಿನ ಪಾಲಿಟೆಕ್ನಿಕ್ಕಿನಲ್ಲಿ ಎರಡು ವರ್ಷ ನಿನ್ನ ಪಕ್ಕದ ಕುರ್ಚಿಯಲ್ಲಿ ಕೂತು, ನಿನ್ನ ಪ್ರೋಗ್ರಾಮನ್ನೇ ನೋಡಿ ಬರೆದು, ನಿನಗಿಂತ ಎರಡು ಮಾರ್ಕು ಜಾಸ್ತಿ ತೆಗೆದುಕೊಂಡವಳು. ನಿನ್ನ ವಿಳಾಸ ಕೊಟ್ಟವನು ನಮ್ಮ ಕ್ಲಾಸಿನ ವಸಂತ್. ಕಾಡಂಚಿನ ಹ್ಯಾಂಡ್‌ಪೋಸ್ಟ್ ಊರಿನಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದಾನಂತೆ. "ಸುಮಿತ್ರಾ ನಮ್ಮ ಕಡೆನೇ ಅವ್ಳೆ ಕಣಮ್ಮ, ಫಾರೆಸ್ಟ್ ಆಫೀಸಲ್ಲಿ ವೈರ್‌ಲೆಸ್ ಮುಂದೆ ಕೂತಿರ್ತಾಳೆ" ಅಂದ. ವಿಳಾಸ ಅಲ್ಲೇ ಬರೆದುಕೊಂಡೆ. ಕಾಗದ ಬರೆಯಲು ಮಾತ್ರ ಎರಡು ತಿಂಗಳು ಬೇಕಾಯಿತು.

ನಾನು ಹುಣಸೂರಿನ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಮೇಡಮ್ಮು. ಮದುವೆ ಆಗಲಿಲ್ಲ. ಅಮ್ಮ ಹೋದ ದೀಪಾವಳಿಯ ಹಿಂದಿನ ವಾರ ತೀರಿಕೊಂಡಳು. ಈಗ ಮನೆಯಲ್ಲಿ ನಾನು ಮತ್ತು ಒಂದು ಹಳೇ ಕಂಪ್ಯೂಟರು. ಸಂಜೆ ಬಂದು ಫೋನಿನ ತಂತಿ ಸಿಕ್ಕಿಸಿದರೆ ಅದು ಒಂದಷ್ಟು ಹೊತ್ತು ಕಿರುಚಾಡಿ ಇಂಟರ್‌ನೆಟ್ಟಿಗೆ ದಾರಿ ಬಿಡುತ್ತದೆ. ಅಲ್ಲಿ ನಾನೊಂದು ಲೈಬ್ರರಿ ಬರೆಯುತ್ತಿದ್ದೇನೆ. ಈ ಮಾತು ಪಕ್ಕದ ಮನೆ ಪುಟ್ಟಮಲ್ಲಮ್ಮನಿಗೆ ಹೇಳಿದರೆ "ನಮ್ಮ ಹುಡುಗೀಗೂ ಒಂದು ಕತೆ ಪುಸ್ತಕ ತಂದ್ಕೊಡವ್ವ" ಅಂದಳು. ನಿನಗೆ ಅಷ್ಟು ವಿವರಿಸಬೇಕಿಲ್ಲ. ಕಂಪ್ಯೂಟರಿನಲ್ಲಿ ಕೂತಲ್ಲೇ ಒಬ್ಬರಿಗೊಬ್ಬರು ಚೀಟಿ ಕಳಿಸಿ ಮಾತಾಡುವ ಪ್ರೋಗ್ರಾಮುಗಳಿವೆಯಲ್ಲ, ಅವನ್ನು ಬರೆಯುವವರು ಎಲ್ಲವನ್ನೂ ಮೊದಲಿಂದ ಬರೆಯದೆ ಎತ್ತಿಕೊಂಡು ಬಳಸಲಿ ಎಂದು ಮಾಡಿಟ್ಟ ತುಂಡುಗಳು. ಸಂಬಳವಿಲ್ಲ. ಯಾರು ಯಾರೋ ದೂರದ ದೇಶದವರು ಬಳಸುತ್ತಾರೆ, ತಪ್ಪು ಸಿಕ್ಕರೆ ಬರೆಯುತ್ತಾರೆ. ದಿನಕ್ಕೆ ಹತ್ತಾರು ಜನ ನನ್ನನ್ನು ಕೇಳಿಕೊಂಡು ಬರುತ್ತಾರೆ, ಅವರಲ್ಲಿ ಒಬ್ಬರಿಗೂ ನನ್ನ ದನಿ ಗೊತ್ತಿಲ್ಲ.

ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೆ ಅಂದರೆ, ಡಿಸೆಂಬರಿನಲ್ಲಿ ಪೋಲೆಂಡಿನವನೊಬ್ಬ ನನ್ನ ತಪ್ಪೊಂದನ್ನು ಹಿಡಿದ. ಈ ಚೀಟಿಗಳಲ್ಲಿ ಎರಡು ಜಾತಿ. ಒಂದು ಬರೀ ಮಾತು, ಎಸೆದರೆ ಮುಗಿಯಿತು. ಇನ್ನೊಂದು ಪ್ರಶ್ನೆ. ಪ್ರಶ್ನೆಗೆ ಕೇಳಿದವನು ಒಂದು ನಂಬರ್ ಹಾಕಿರುತ್ತಾನೆ. ಕೇಳಿಸಿಕೊಂಡವನು ಅದೇ ನಂಬರ್ ಹಾಕಿ ಉತ್ತರ ಕೊಡಲೇಬೇಕು. ಆಗುತ್ತದೆ ಅನ್ನಲಿ, ಆಗುವುದಿಲ್ಲ ಅನ್ನಲಿ, ಗೊತ್ತಿಲ್ಲ ಅನ್ನಲಿ, ಸುಮ್ಮನಿರುವ ಹಾಗಿಲ್ಲ. ನನ್ನ ಲೈಬ್ರರಿ ಏನು ಮಾಡುತ್ತಿತ್ತು ಗೊತ್ತೇ? ತನಗೆ ತಿಳಿಯದ ಪ್ರಶ್ನೆ ಬಂದರೆ ಮೊದಲ ಸಲ ಸುಮ್ಮನೆ ಇರುತ್ತಿತ್ತು. ಎರಡನೇ ಸಲವೂ ಸುಮ್ಮನೆ. ಮೂರನೇ ಸಲ ಅದೇ ಪ್ರಶ್ನೆ ಬಂದರೆ ಮಾತ್ರ "ಗೊತ್ತಿಲ್ಲ" ಅನ್ನುತ್ತಿತ್ತು. ಪೋಲೆಂಡಿನವ ಕೇಳಿದ, ಈ ಮೂರು ಎಲ್ಲಿಂದ ಬಂತು, ಯಾವ ನಿಯಮದಲ್ಲಿದೆ? ನಾನು ಹುಡುಕಿದೆ. ಯಾವ ನಿಯಮದಲ್ಲೂ ಇರಲಿಲ್ಲ. ನಾನೇ ಬರೆದಿದ್ದೆ, ಯಾಕೆ ಬರೆದೆ ಅಂತ ನನಗೇ ತಿಳಿಯಲಿಲ್ಲ.

ಆಮೇಲೆ ತಿಳಿಯಿತು. ಅದು ನಮ್ಮ ಮನೆಯ ಪದ್ಧತಿ. ಹೊತ್ತು ಮುಳುಗಿದ ಮೇಲೆ ಹೊರಗಿನಿಂದ ಯಾರಾದರೂ ಹೆಸರು ಹಿಡಿದು ಕೂಗಿದರೆ ಒಂದು ಎರಡಕ್ಕೆ ಓ ಅನ್ನಬಾರದು. "ಗಾಳಿ ದೆವ್ವ ಕರೆಯೋದು ಎಲ್ಡೇ ಸಲ ಕಣವ್ವ, ಮನ್ಸರಾದ್ರೆ ಮೂರ್ನೇ ಸಲಾನೂ ಕೂಗ್ತಾರೆ" ಅಂತ ಅಮ್ಮ ನನಗೆ ನಡೆಯಲು ಬರುವ ಮೊದಲೇ ಕಲಿಸಿದ್ದಳು.

1994ರ ಜುಲೈ, ಒಂದು ಗುರುವಾರ, ದೀಪ ಹಚ್ಚುವ ಹೊತ್ತಿಗೆ ನೀನು ನಮ್ಮ ಮನೆ ಮುಂದೆ ನಿಂತು ಎರಡು ಸಲ ಕೂಗಿದೆ. ನಾನು ಒಳಗಡೆ ಅಕ್ಕಿ ಆರಿಸುತ್ತಿದ್ದೆ. ಏಳಲು ಹೋದೆ, ಅಮ್ಮ ಮಣಿಕಟ್ಟು ಹಿಡಿದು "ಇನ್ನೊಂದ್ ಸಲ ಕೂಗ್ಲಿ ಇರು" ಅಂದಳು. ಮೂರನೇ ಕೂಗಿಗೆ ಕಾದೆ. ಬರಲಿಲ್ಲ. ಹೊರಗೆ ಬಂದು ನೋಡಿದರೆ ನೀನಿರಲಿಲ್ಲ. ಆಮೇಲೆ ನೀನು ಕಾಲೇಜಿಗೂ ಬರಲಿಲ್ಲ.

ಹನ್ನೊಂದು ವರ್ಷ ತಡವಾಗಿ ಒಂದು ಪ್ರಶ್ನೆ ಕೇಳುತ್ತೇನೆ. ನಂಬರ್ ಹಾಕಿ ಕೇಳುತ್ತೇನೆ.

ನಂಬರ್ 1: ಆ ಸಂಜೆ ನೀನು ಯಾಕೆ ಬಂದಿದ್ದೆ?

ಇಂತಿ ನಿನ್ನ ಪಕ್ಕದ ಕುರ್ಚಿಯವಳು,
ಶಾಂತಲಾ


ಬಿಳಿಕೆರೆ
20-3-2005

ಸುಮಿತ್ರಾ,

ಪೋಸ್ಟಿನವನು ದಿನಾ ನಮ್ಮ ಬೀದಿಯಲ್ಲೇ ಹೋಗುತ್ತಾನೆ. ಮೊದಮೊದಲು ನಮ್ಮ ಮನೆ ಮುಂದೆ ಸೈಕಲ್ ನಿಧಾನ ಮಾಡಿ ಇಲ್ಲ ಅಂತ ಕೈ ಆಡಿಸುತ್ತಿದ್ದ. ಈಗ ನನ್ನ ಮುಖ ನೋಡಲಾರದೆ ಜೋರಾಗಿ ತುಳಿದುಕೊಂಡು ಹೋಗುತ್ತಾನೆ. ಪಾಪ, ಅವನದೇನು ತಪ್ಪು.

ಪ್ರಶ್ನೆ ಕಳಿಸಿದ ಮೇಲೆ ನನ್ನ ಲೈಬ್ರರಿ ಏನು ಮಾಡುತ್ತದೆ ಹೇಳಲಾ? ಒಂದು ಪಟ್ಟಿ ಇಟ್ಟುಕೊಳ್ಳುತ್ತದೆ. ಈ ನಂಬರಿನ ಪ್ರಶ್ನೆ ಇಂಥವರಿಗೆ ಹೋಗಿದೆ, ಉತ್ತರ ಬಂದರೆ ಇಂಥ ಕೆಲಸ ಮಾಡಬೇಕು ಅಂತ ಬರೆದಿಟ್ಟು ಕಾಯುತ್ತದೆ. ಬೇರೆ ಯಾರೋ ಬಂದು ಅದೇ ನಂಬರ್ ಹೇಳಿದರೆ ಒಪ್ಪುವುದಿಲ್ಲ. ಯಾರನ್ನು ಕೇಳಿದ್ದೆವೋ ಅವರೇ ಹೇಳಬೇಕು. ವಸಂತ್ ಮೊನ್ನೆ ಫೋನಿನಲ್ಲಿ "ಅವ್ಳ್ಗೆ ಹಾಸ್ಟೆಲ್ ಇಲ್ದಂಗಾಗಿತ್ತಂತೆ ಕಣಮ್ಮ" ಎಂದು ಶುರು ಮಾಡಿದ. ನಾನು ಬೇಡ ಬಿಡು ಅಂದೆ. ಕೇಳಿದ್ದು ನಿನ್ನನ್ನು.

ಅಮ್ಮ ಹೋದ ಮೇಲೆ ಒಂದು ವಿಚಿತ್ರ ಆಗಿದೆ. ಹೊತ್ತು ಮುಳುಗಿದಾಗ ನನ್ನ ಕಿವಿ ತಾನಾಗಿ ಹೊರಗಡೆ ಹೋಗುತ್ತದೆ. ಎಣಿಸಲು ಸಿದ್ಧವಾಗಿ ಕೂತಿರುತ್ತದೆ, ಒಂದು, ಎರಡು, ಮೂರು ಅಂತ. ಎಣಿಸುವುದಕ್ಕೆ ಏನೂ ಇರುವುದಿಲ್ಲ. ಈ ಮನೆಯಲ್ಲಿ ಈಗ ನನ್ನನ್ನು ಒಂದು ಸಲ ಕೂಗುವವರೂ ಇಲ್ಲ ಸುಮಿ. ಗಾಳಿಯೂ ಕರೆಯುವುದಿಲ್ಲ. ಸೆಂಟರಿನಲ್ಲಿ ಎಲ್ಲರಿಗೂ ನಾನು ಮೇಡಂ, ಇಂಟರ್‌ನೆಟ್ಟಿನಲ್ಲಿ ಆರು ಇಂಗ್ಲಿಷ್ ಅಕ್ಷರದ ಒಂದು ಅಡ್ಡಹೆಸರು. ಪುಟ್ಟಮಲ್ಲಮ್ಮ "ಏನವ್ವ" ಅನ್ನುತ್ತಾಳೆ. ಶಾಂತಲಾ ಅಂತ ಪೂರ್ತಿ ಹೆಸರು ಹಿಡಿದು ಕೊನೆಯ ಸಲ ಕೂಗಿದವಳು ಅಮ್ಮ, ಆಸ್ಪತ್ರೆಯಲ್ಲಿ. ಅದಕ್ಕೂ ಹಿಂದೆ ನಮ್ಮ ಬಾಗಿಲಲ್ಲಿ ನಿಂತು ಕೂಗಿದವಳು ನೀನು.

ಹೊಸ ಪ್ರಶ್ನೆ ಇಲ್ಲ. ಹಳೆಯದೇ, ಅದೇ ನಂಬರ್ 1.

ಕಾಯುತ್ತಿರುವ,
ಶಾಂತಲಾ


ಬಿಳಿಕೆರೆ
2-5-2005

ಸುಮಿತ್ರಾ,

ನಂಬರ್ 1.

ಇನ್ನೇನು ಬರೆಯಲಿ? ಬೈಯುವುದಾದರೂ ಬೈದು ಬರೆ. ನಮ್ಮ ಮನೆ ಬಾಗಿಲು ಈಗ ಹೊತ್ತು ಮುಳುಗಿದ ಮೇಲೂ ತೆರೆದೇ ಇರುತ್ತದೆ.

ಶಾಂತಲಾ


ಹ್ಯಾಂಡ್‌ಪೋಸ್ಟ್
9-5-2005

ಶಾಂತಲಾ,

ನಿನ್ನ ಮೂರು ಕಾಗದವೂ ಬಂದಿವೆ. ಮೊದಲನೆಯದಕ್ಕೇ ಬರೆಯಬಹುದಿತ್ತು. ನಿಮ್ಮ ಮನೆಯ ಪದ್ಧತಿ ಓದಿದ ಮೇಲೆ, ನನಗೂ ಒಂದು ಸಲ ಹಾಗೆ ಮಾಡಿ ನೋಡೋಣ ಅನ್ನಿಸಿತು. ಮೂರನೆಯದಕ್ಕೆ ಕಾದೆ. ಮೂರು ತಿಂಗಳು ನಿನ್ನನ್ನು ಕಾಯಿಸಿದ್ದು ಖುಷಿ ಕೊಟ್ಟಿತು ಅಂತ ಹೇಳಿದರೆ ಸುಳ್ಳಲ್ಲ. ಈಗ ಆ ಖುಷಿ ಮುಗಿದಿದೆ.

ವಸಂತ್ ಹೇಳಿದ್ದು ನಿಜ. ರೇಂಜ್ ಆಫೀಸಿನಲ್ಲಿ ವೈರ್‌ಲೆಸ್ ಸೆಟ್ಟಿನ ಮುಂದೆ ಕೂರುತ್ತೇನೆ. ದಿನಗೂಲಿ. ಕಾಡಿನೊಳಗೆ ನಮ್ಮ ಕಾವಲಿನವರ ಒಂಬತ್ತು ಕ್ಯಾಂಪುಗಳಿವೆ. ಬೆಳಿಗ್ಗೆ ಏಳಕ್ಕೆ ಒಂದೊಂದನ್ನೂ ಹೆಸರು ಹಿಡಿದು ಕರೆಯುತ್ತೇನೆ. ಪ್ರತಿಯೊಂದೂ ಓ ಅನ್ನಬೇಕು. ಓ ಅನ್ನದ ಕ್ಯಾಂಪಿಗೆ ಅರ್ಧ ಗಂಟೆ ನೋಡಿ ಜೀಪು ಕಳಿಸುತ್ತಾರೆ. ಎಷ್ಟೋ ಸಲ ಅಲ್ಲಿ ಏನೂ ಆಗಿರುವುದಿಲ್ಲ, ಬ್ಯಾಟರಿ ಸತ್ತಿರುತ್ತದೆ. ಆದರೂ ಜೀಪು ಹೋಗಿ ನೋಡಿಕೊಂಡು ಬರುತ್ತದೆ. ನೀನು ಬರೆದ ನಿಯಮ ನನಗೆ ಹೊಸದಲ್ಲ.

ಈಗ ನಂಬರ್ 1ಕ್ಕೆ ಉತ್ತರ.

ಆ ವರ್ಷ ಹಾಸ್ಟೆಲಿನ ಮಾಡು ಸೋರಿ, ರಿಪೇರಿಗೆ ಅಂತ ಐದನೇ ಸೆಮಿಸ್ಟರ್ ಪೂರ್ತಿ ಮುಚ್ಚಿದರು. ಹತ್ತಿರದ ಊರಿನವರು ಬಸ್ಸಿನಲ್ಲಿ ಓಡಾಡಿಕೊಂಡರು. ಕಾಡಿನವರಾದ ನಮ್ಮ ಹಾಡಿಯಿಂದ ಎರಡು ಬಸ್ಸು, ಅದಕ್ಕೂ ಮುಂಚೆ ಒಂದೂವರೆ ಗಂಟೆ ನಡಿಗೆ. ವಾರ್ಡನ್ ವೀರಮ್ಮನವರು ತಮ್ಮ ತಂಗಿಯ ಮನೆಯಲ್ಲಿ ಒಬ್ಬಳಿಗೆ ಜಾಗ ಇದೆ ಅಂದಿದ್ದರು. "ನಿಂಗೆ ಶಾಂತಲಾ ಅವ್ಳಲ್ಲ, ಮೊದ್ಲು ಅವ್ಳ್ನ ಕೇಳ್ಕೊಂಡ್ ಬಾ. ಅಲ್ಲಿ ಆಗಕಿಲ್ಲ ಅಂದ್ರೆ ನಾಳಿಕೆ ಬಂದು ಹೇಳು, ಈ ಜಾಗ ನಿಂಗೇ ಇಕ್ಕಿರ್ತೀನಿ" ಅಂದರು. ನಾನು ಕೇಳಬೇಕಾಗಿದ್ದು ಇಷ್ಟೇ: ಆರು ತಿಂಗಳು ನಿಮ್ಮ ಮನೆಯಲ್ಲಿ ಇರಲಾ?

ಎರಡು ಸಲ ಕೂಗಿದೆ. ಮೂರನೇ ಸಲ ಯಾಕೆ ಕೂಗಲಿಲ್ಲ ಅಂತ ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ನಿಮಗೆ ನಿಮ್ಮಮ್ಮ ಕಲಿಸಿದ ಹಾಗೆ ನಮಗೆ ನಮ್ಮಪ್ಪ ಕಲಿಸಿದ್ದ. ಕಾಡಿನಲ್ಲಿ ಜೊತೆಯವನನ್ನು ಎರಡು ಸಲ ಕೂಗಬೇಕು, ಅಷ್ಟೇ. "ಎಲ್ಡು ಕೂಗ್ಗೂ ಓ ಅನ್ನಲಿಲ್ಲ ಅಂದ್ರೆ ಅವ್ನ ಮಗ್ಗುಲಾಗೆ ಆನೆ ನಿಂತದೆ ಅಂತ ತಿಳ್ಕೊ ಮಗ. ಅವ್ನು ಉಸ್ರು ಬಿಗಿ ಇಡ್ಕೊಂಡವ್ನೆ. ನೀ ಮೂರ್ನೇ ಕಿತ ಕೂಗುದ್ರೆ ಅವ್ನ ಪ್ರಾಣ ತೆಗ್ದಂಗೆ" ಅನ್ನುತ್ತಿದ್ದ. ಹಾಗಾದಾಗ ಸದ್ದು ಮಾಡದೆ ಹಿಂದೆ ಸರಿದು, ದಾರಿಯಲ್ಲಿ ಕೂತು ಅವನು ಬರುವ ತನಕ ಕಾಯಬೇಕು.

ನೀನು ಓ ಅನ್ನದಿದ್ದಾಗ, ನಿನ್ನ ಮಗ್ಗುಲಲ್ಲಿ ನಿಮ್ಮಮ್ಮ ಇದ್ದಾರೆ, ನನಗೆ ಓ ಅಂದರೆ ನಿನಗೆ ಬೈಗುಳ ಬೀಳುತ್ತದೆ ಅಂದುಕೊಂಡೆ. ಸದ್ದು ಮಾಡದೆ ಹಿಂದೆ ಸರಿದೆ. ಬಿಳಿಕೆರೆ ಬಸ್‌ಸ್ಟಾಪಿನಲ್ಲಿ ಕೊನೇ ಬಸ್ಸಿನ ತನಕ ಕೂತಿದ್ದೆ. ನೀನು ಬರಲಿಲ್ಲ. ನಿನ್ನ ಮಾತು ಕೇಳದೆ ವೀರಮ್ಮನವರಿಗೆ ಏನಂತ ಹೇಳಲಿ ಅಂದುಕೊಂಡು ಹಾಡಿಗೆ ಹೋಗಿ ಒಂಬತ್ತು ದಿನ ಕಾದೆ, ಇವತ್ತು ಬಂದು ಹೇಳುತ್ತಾಳೆ, ನಾಳೆ ಕಾಗದ ಬರುತ್ತದೆ ಅಂತ. ಹತ್ತನೇ ದಿನ ಹುಣಸೂರಿಗೆ ಹೋದರೆ ವೀರಮ್ಮನವರ ತಂಗಿಯ ಮನೆಯ ಜಾಗ ಬೇರೆ ಹುಡುಗಿಗೆ ಹೋಗಿತ್ತು. ಸೆಮಿಸ್ಟರಿಗೆ ಹೆಸರು ಬರೆಸುವ ದಿನವೂ ಮುಗಿದಿತ್ತು. ಅಲ್ಲಿಗೆ ನನ್ನ ಓದು ನಿಂತಿತು.

ನಾನು ನಿನ್ನ ಮೇಲೆ ಕೋಪ ಮಾಡಿಕೊಳ್ಳಲಿಲ್ಲ. ಆನೆ ನಿಂತಿತ್ತು ಅಂತ ನನಗೆ ನಾನೇ ಹೇಳಿಕೊಂಡೆ. ನಿನ್ನ ಮೊದಲ ಕಾಗದ ಓದುವಾಗ, ನಿಮ್ಮಮ್ಮ ಮಣಿಕಟ್ಟು ಹಿಡಿದರು ಅನ್ನುವಲ್ಲಿ, ನೋಡಿದೆಯಾ, ನಾನು ಅಂದುಕೊಂಡಿದ್ದು ಸರಿ ಅನ್ನಿಸಿತು. ಆದರೆ ಒಂದು ವಿಷಯ ಹೊಂದುತ್ತಿಲ್ಲ. ಅದಕ್ಕೆ ನಾನೂ ಒಂದು ಪ್ರಶ್ನೆ ಕೇಳುತ್ತೇನೆ. ಒಂದು ನಿನ್ನದು, ನನ್ನದಕ್ಕೆ ಎರಡು ಅಂತ ಹಾಕುತ್ತೇನೆ.

ನಂಬರ್ 2: ಆವತ್ತು ನಿಮ್ಮ ಬೀದಿ ಕಡೆಯ ಕಿಟಕಿ ಅರ್ಧ ತೆರೆದಿತ್ತು. ನನ್ನ ಕೈಯಲ್ಲಿ ಟ್ರಂಕ್ ಇತ್ತು. ನೀನು ನೋಡಿದೆಯಾ?

ಸುಮಿತ್ರಾ


ಬಿಳಿಕೆರೆ
5-6-2005

ಪ್ರೀತಿಯ ಸುಮಿ,

ನಿನ್ನ ಅಕ್ಷರ ಹಾಗೇ ಇದೆ. ಳ ಬರೆಯುವಾಗ ಬಾಲವನ್ನು ಅಷ್ಟು ದೂರ ಎಳೆಯುವವಳು ನೀನೊಬ್ಬಳೇ. ಕಾಗದ ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ನಿಮ್ಮಪ್ಪನ ಮಾತು ಓದಿ ಅತ್ತೆ. ಹೇಗಿದ್ದಾರೆ ಮಲ್ಲಪ್ಪ? ಒಮ್ಮೆ ನಮ್ಮ ಕಾಲೇಜಿಗೆ ಜೇನು ತಂದುಕೊಟ್ಟಿದ್ದರಲ್ಲ, ಆ ಬಾಟಲಿ ಇನ್ನೂ ಇದೆ, ಈಗ ಅದರಲ್ಲಿ ಸಾಸಿವೆ ಹಾಕಿಟ್ಟಿದ್ದೇನೆ.

ಲೈಬ್ರರಿ ಸರಿ ಮಾಡಿದೆ. ಈಗ ತಿಳಿಯದ ಪ್ರಶ್ನೆ ಬಂದ ತಕ್ಷಣ, ಮೊದಲ ಸಲವೇ, ಆಗುವುದಿಲ್ಲ ಅಂತ ಹೇಳಿಬಿಡುತ್ತದೆ. ಬರೀ ಆಗುವುದಿಲ್ಲ ಅಂದರೂ ಸಾಲದು, ಕಾರಣವನ್ನೂ ಸೇರಿಸಿ ಕಳಿಸಬೇಕು. ಪೋಲೆಂಡಿನವನಿಗೆ ಸಮಾಧಾನವಾಯಿತು. ಆಗುವುದಿಲ್ಲ ಅನ್ನುವುದು ಬೈಗುಳವಲ್ಲ, ಕೇಳಿದವನು ಬೇರೆ ಬಾಗಿಲು ತಟ್ಟಲಿ ಅಂತ ಬಿಡುಗಡೆ ಮಾಡುವುದು ಅಂತ ಅವನು ಬರೆದ. ನಿನ್ನ ಕಾಗದ ಓದಿದ ವಾರವೇ ಆ ಮಾತು ಬಂತು. ಎರಡು ದಿನ ಕಂಪ್ಯೂಟರ್ ಹಾಕಲಿಲ್ಲ.

ಎಷ್ಟು ಹೊತ್ತು ಕಾಯಬೇಕು ಅನ್ನುವುದರ ಮೇಲೆ ನಮ್ಮಿಬ್ಬರಿಗೂ ಜಗಳ ನಡೆದಿದೆ. ಅವನು ಮೂವತ್ತು ಸೆಕೆಂಡು ಸಾಕು ಅನ್ನುತ್ತಾನೆ. ಅಷ್ಟರಲ್ಲಿ ಉತ್ತರ ಬರದಿದ್ದರೆ ಪಟ್ಟಿಯಿಂದ ಆ ನಂಬರ್ ಹೊಡೆದುಹಾಕಬೇಕು. ಆಮೇಲೆ ಉತ್ತರ ಬಂದರೂ ಅದನ್ನು ತೆಗೆದುಕೊಳ್ಳುವವರು ಯಾರೂ ಇರುವುದಿಲ್ಲ, ಎಸೆದುಬಿಡಬೇಕು. ನಮ್ಮ ಬಿಳಿಕೆರೆಯ ಫೋನ್ ಲೈನಿನಲ್ಲಿ ಮೂವತ್ತು ಸೆಕೆಂಡಿಗೆ ಒಂದು ಸೀನು ಕೂಡ ಆಚೆ ಹೋಗುವುದಿಲ್ಲ ಅಂತ ನಾನು ವಾದ ಮಾಡಿದೆ. ಇನ್ನೊಂದು ನಿಯಮ ಕೇಳಿದರೆ ನಿನಗೆ ನಗು ಬರುತ್ತದೆ. ಉತ್ತರಕ್ಕೆ ಉತ್ತರ ಕೊಡುವ ಹಾಗಿಲ್ಲ. ಕೊಟ್ಟರೆ ಎರಡೂ ಕಡೆಯವರು ಸಾಯುವ ತನಕ ಹೌದಾ, ಹೌದು, ಹೌದಾ, ಹೌದು ಅಂತ ಆಡುತ್ತಲೇ ಇರುತ್ತಾರೆ, ನಮ್ಮ ಪುಟ್ಟಮಲ್ಲಮ್ಮ ಫೋನು ಇಡುವ ಹಾಗೆ.

ಇನ್ನೂ ಬರೆಯುವುದಿತ್ತು. ಕರೆಂಟು ಹೋಯಿತು. ಇಲ್ಲಿಗೆ ನಿಲ್ಲಿಸುತ್ತೇನೆ.

ನಿನ್ನ,
ಶಾಂತಲಾ


ಹ್ಯಾಂಡ್‌ಪೋಸ್ಟ್
11-6-2005

(ಕಾರ್ಡು)

ಶಾಂತಲಾ,

ನಂಬರ್ 2. ಇಷ್ಟು ಹೊತ್ತಿಗೆ ಕರೆಂಟು ಬಂದಿರಬೇಕು.

ಸುಮಿತ್ರಾ


ಬಿಳಿಕೆರೆ
24-7-2005

ಸುಮಿತ್ರಾ,

ನಂಬರ್ 2ಕ್ಕೆ ಉತ್ತರ: ನೋಡಿದೆ.

ನಿನ್ನ ಕಾರ್ಡು ಆರು ವಾರ ಕಂಪ್ಯೂಟರಿಗೆ ಒರಗಿ ನಿಂತಿತ್ತು. ಈ ಒಂದು ಪದ ಬರೆದು ಹರಿದು ಹಾಕಿದ ಹಾಳೆಗಳಲ್ಲಿ ಒಂದು ಹೊತ್ತಿನ ಒಲೆ ಉರಿಸಬಹುದಿತ್ತು. ಇನ್ನು ಉಳಿದದ್ದನ್ನೂ ಹೇಳಿಬಿಡುತ್ತೇನೆ.

ನಾನು ಅಕ್ಕಿ ಆರಿಸುತ್ತಿರಲಿಲ್ಲ. ಕಿಟಕಿಯ ಪಕ್ಕದಲ್ಲೇ ಇದ್ದೆ. ನೀನು ಬೀದಿಯ ತಿರುವಿನಲ್ಲಿ ಬರುವಾಗಲೇ ಕಂಡೆ. ಆ ಹಸಿರು ಟ್ರಂಕು ನಿನ್ನ ಮೊಣಕಾಲಿಗೆ ತಗುಲಿ ತಗುಲಿ ಶಬ್ದ ಮಾಡುತ್ತಿತ್ತು. ಹಾಸ್ಟೆಲ್ ಮುಚ್ಚುತ್ತಾರೆ ಅನ್ನುವುದು ನನಗೆ ಗೊತ್ತಿತ್ತು. ನೀನು ಬಾಯಿ ತೆರೆಯುವ ಮೊದಲೇ ಪ್ರಶ್ನೆ ಏನು ಅಂತ ಗೊತ್ತಿತ್ತು. ಮೊದಲ ಕಾಗದದಲ್ಲಿ ಯಾಕೆ ಬಂದಿದ್ದೆ ಅಂತ ಕೇಳಿದೆನಲ್ಲ, ಆ ಪ್ರಶ್ನೆಯೇ ಸುಳ್ಳು. ನೀನು ಬೇರೆ ಏನಾದರೂ ಹೇಳಲಿ, ಪುಸ್ತಕ ವಾಪಸ್ ಕೊಡಲು ಬಂದಿದ್ದೆ ಅನ್ನಲಿ ಅಂತ ಆಸೆಪಟ್ಟು ಕೇಳಿದೆ.

ಅಮ್ಮ ಮಣಿಕಟ್ಟು ಹಿಡಿಯಲಿಲ್ಲ. ಅಮ್ಮ ಮನೆಯಲ್ಲೇ ಇರಲಿಲ್ಲ. ಪುಟ್ಟಮಲ್ಲಮ್ಮನ ಮನೆಗೆ ಹೆಪ್ಪು ಕೇಳಲು ಹೋಗಿದ್ದಳು. ಸತ್ತವಳು ಬಂದು ಇಲ್ಲ ಅನ್ನುವುದಿಲ್ಲವಲ್ಲ ಅಂತ ಅವಳ ಮೇಲೆ ಹೊರಿಸಿದೆ. ನಿನ್ನ ಕಾಗದದಲ್ಲಿ ನನ್ನ ಮಗ್ಗುಲಲ್ಲಿ ಆನೆ ನಿಂತಿತ್ತು ಅಂತ ಓದಿದಾಗ ನನಗೆ ಎದ್ದು ಎಲ್ಲಾದರೂ ಓಡಿಹೋಗೋಣ ಅನ್ನಿಸಿತು. ಆನೆ ಇರಲಿಲ್ಲ ಸುಮಿ. ನಾನೊಬ್ಬಳೇ ಇದ್ದೆ.

ಯಾಕೆ ಓ ಅನ್ನಲಿಲ್ಲ? ಹೆದರಿದೆ. ಹಾಡಿಯ ಹುಡುಗಿ ಅಂತ ಅಮ್ಮ ನಿನ್ನನ್ನು ಅಡುಗೆಮನೆಗೆ ಬಿಡುತ್ತಾಳೋ ಇಲ್ಲವೋ, ತಟ್ಟೆ ಬೇರೆ ಇಡುತ್ತಾಳೋ ಏನೋ, ಇಟ್ಟರೆ ಆರು ತಿಂಗಳು ನಿನ್ನ ಮುಖ ಹೇಗೆ ನೋಡಲಿ ಅಂತ ಹೆದರಿದೆ. ಅಮ್ಮನನ್ನು ಒಂದು ಮಾತು ಕೇಳಿ ನೋಡಲಿಲ್ಲ. ಕೇಳಿದ್ದರೆ ಆಗಲಿ ಅನ್ನುತ್ತಿದ್ದಳೋ ಏನೋ, ಈಗ ಯಾರಿಗೆ ಗೊತ್ತು. ಇನ್ನೂ ಒಂದು ಕಾರಣ ಇದೆ, ಬರೆಯಲು ನಾಚಿಕೆ. ನೀನು ನನಗಿಂತ ಜಾಣೆ. ಒಂದೇ ಮನೆಯಲ್ಲಿದ್ದರೆ ಅದು ಅಮ್ಮನಿಗೂ ತಿಳಿಯುತ್ತದೆ ಅನ್ನಿಸಿತು.

ನೀನು ಒಂದು ಸಲ ಕೂಗಿದೆ. ಎರಡು ಸಲ ಕೂಗಿದೆ. ಮೂರನೇ ಕೂಗಿಗೆ ಕಾದೆ ಅಂತ ಬರೆದಿದ್ದೆ. ಬರಲಿ ಅಂತ ಕಾಯಲಿಲ್ಲ, ಬಾರದಿರಲಿ ಅಂತ ಕಾದೆ. ನೀನು ತಿರುಗಿ ಹೋದಾಗ, ಪದ್ಧತಿ ಮೀರಲಿಲ್ಲ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆ ಸಮಾಧಾನ ಎಷ್ಟು ಗಟ್ಟಿಯಾಗಿ ಕೂತಿತ್ತು ಅಂದರೆ, ಹತ್ತು ವರ್ಷದ ಮೇಲೆ ನನ್ನ ಬೆರಳು ತಾನಾಗಿ ಅದನ್ನು ಪ್ರೋಗ್ರಾಮಿನಲ್ಲಿ ಬರೆಯಿತು.

ಬಸ್‌ಸ್ಟಾಪು ನಮ್ಮ ಮನೆಯಿಂದ ಮುನ್ನೂರು ಹೆಜ್ಜೆ. ನೀನು ಅಲ್ಲಿ ಕೂತಿದ್ದೆ ಅನ್ನುವುದು ನನಗೆ ನಿಜವಾಗಿ ಗೊತ್ತಿರಲಿಲ್ಲ. ಇದೊಂದನ್ನು ನಂಬು. ಗೊತ್ತಿದ್ದರೆ ಬರುತ್ತಿದ್ದೆನಾ ಅಂತ ಕೇಳಬೇಡ.

ಆರು ತಿಂಗಳು ಇರಲಾ ಅಂದೆಯಲ್ಲ, ಆ ಪ್ರಶ್ನೆಗೆ ಆವತ್ತಿನ ನನ್ನ ಉತ್ತರ: ಬೇಡ. ಅಷ್ಟನ್ನು ಬಾಗಿಲು ತೆರೆದು ಹೇಳಿದ್ದರೆ ನೀನು ಮಾರನೇ ದಿನ ವೀರಮ್ಮನವರ ಹತ್ತಿರ ಹೋಗುತ್ತಿದ್ದೆ, ನಿನ್ನ ಓದು ಮುಗಿಯುತ್ತಿತ್ತು. ಒಂದು ಬೇಡ ಅನ್ನಲಾರದೆ ನಿನ್ನನ್ನು ಒಂಬತ್ತು ದಿನ ಕೂರಿಸಿದೆ. ಕ್ಷಮಿಸು ಅಂತ ಕೇಳುತ್ತಿಲ್ಲ, ಆ ಪದ ಇದಕ್ಕೆ ತೀರಾ ಚಿಕ್ಕದು.

ಕೇಳುವುದು ಬೇರೆ ಇದೆ. ನಂಬರ್ 3: ಒಂದು ಭಾನುವಾರ ನಿನ್ನನ್ನು ನೋಡಲು ಹಾಡಿಗೆ ಬರಲಾ?

ಶಾಂತಲಾ


ಹ್ಯಾಂಡ್‌ಪೋಸ್ಟ್
27-7-2005

ಶಾಂತಲಾ,

ನಿನ್ನ ಕಾಗದ ಇವತ್ತು ಹನ್ನೊಂದು ಗಂಟೆಗೆ ಬಂತು. ಈಗ ಹನ್ನೆರಡೂವರೆ. ಮಧ್ಯಾಹ್ನದ ಟಪಾಲಿಗೆ ಇದನ್ನು ಹಾಕಬೇಕು ಅಂತ ಊಟಕ್ಕೆ ಏಳದೆ ಬರೆಯುತ್ತಿದ್ದೇನೆ. ನಿನ್ನನ್ನು ಕಾಯಿಸಬಾರದು.

ನಂಬರ್ 3ಕ್ಕೆ ಉತ್ತರ: ಬೇಡ.

ಕಾರಣವನ್ನೂ ಸೇರಿಸಿ ಕಳಿಸಬೇಕು ಅಂದಿದ್ದೆ. ಅಪ್ಪ ಇದ್ದಾನೆ, ಕಣ್ಣು ಸರಿಯಾಗಿ ಕಾಣಿಸುವುದಿಲ್ಲ. ಮಗಳ ಓದು ಯಾಕೆ ನಿಂತಿತು ಅಂತ ಯಾರಾದರೂ ಕೇಳಿದರೆ ಅವನು ಹನ್ನೊಂದು ವರ್ಷದಿಂದ ಒಂದೇ ಮಾತು ಹೇಳುತ್ತಾನೆ. "ನಮ್ಮ ಮಗ ಸುಮಿತ್ರಾ ಮೂರ್ನೇ ಕಿತ ಕೂಗ್ಲಿಲ್ಲ ಕಣಪ್ಪ. ಅದ್ರ ಗೆಣತಿ ಮಗ್ಗುಲಾಗೆ ಆನೆ ನಿಂತಿತ್ತು. ಕೂಗ್ದೆ ಬಂದು ಆ ಮಗೀನ ಉಳಿಸ್ತು." ಇದನ್ನು ಹೇಳುವಾಗ ಅವನು ಬೆನ್ನು ನೆಟ್ಟಗೆ ಮಾಡಿಕೊಂಡು ಕೂರುತ್ತಾನೆ. ನಾನು ಡಿಪ್ಲೊಮಾ ಮುಗಿಸಿದ್ದರೂ ಅವನಿಗೆ ಅಷ್ಟು ಹೆಮ್ಮೆ ಆಗುತ್ತಿತ್ತೋ ಇಲ್ಲವೋ. ನೀನು ಬಂದು ಎದುರಿಗೆ ಕೂತರೆ ಅವನು ನಿನ್ನ ಕೈ ಹಿಡಿದುಕೊಂಡು ಆನೆ ಎಷ್ಟು ಹೊತ್ತು ನಿಂತಿತ್ತವ್ವ ಅಂತ ಕೇಳುತ್ತಾನೆ. ನೀನು ಇನ್ನೊಂದು ಸುಳ್ಳು ಹೇಳಬೇಕಾಗುತ್ತದೆ, ಇಲ್ಲ ನಿಜ ಹೇಳಬೇಕಾಗುತ್ತದೆ. ಎರಡೂ ನನಗೆ ಬೇಡ.

ನಿನ್ನ ಮೇಲೆ ಈಗ ಕೋಪ ಬಂದಿದೆ. ಹನ್ನೊಂದು ವರ್ಷ ಬರದೇ ಇದ್ದದ್ದು ಇವತ್ತು ಬೆಳಿಗ್ಗೆ ಹನ್ನೊಂದಕ್ಕೆ ಬಂತು. ಎಷ್ಟು ದಿನ ಇರುತ್ತದೆ ಗೊತ್ತಿಲ್ಲ. ಓ ಅನ್ನದ ಕ್ಯಾಂಪಿಗೆ ಜೀಪು ಹೋಗುತ್ತದೆ ಅಂತ ಬರೆದಿದ್ದೆ. ನಾನು ಕಾಲೇಜಿಗೆ ಬಾರದೆ ಹೋದಾಗ ನೀನು ಒಂದು ಸಲವಾದರೂ ಹುಡುಕಿಕೊಂಡು ಬರಬಹುದಿತ್ತು. ಆದರೂ ನೋಡಿದೆ ಅಂತ ಬರೆದೆಯಲ್ಲ, ಅದನ್ನು ಎಸೆದಿಲ್ಲ. ತಡವಾಗಿ ಬಂದ ಉತ್ತರವನ್ನು ಎಸೆದುಬಿಡಬೇಕು ಅನ್ನುತ್ತಾನಂತೆ ನಿನ್ನ ಪೋಲೆಂಡಿನವನು. ನನ್ನ ಪಟ್ಟಿಯಲ್ಲಿ ಆ ನಂಬರ್ ಇನ್ನೂ ಇತ್ತು. ಇವತ್ತು ಹೊಡೆದುಹಾಕಿದೆ.

ಭಾನುವಾರಗಳಲ್ಲಿ ಬಸ್‌ಸ್ಟಾಪಿನ ಕಡೆ ನೋಡುತ್ತಾ ಕೂರಬೇಡ. ಕಾಯಬೇಡ ಅಂತಲೇ ಇಷ್ಟು ಬೇಗ ಬರೆಯುತ್ತಿದ್ದೇನೆ. ಇದು ಉತ್ತರ, ಇದಕ್ಕೆ ಉತ್ತರ ಬರೆಯುವ ಹಾಗೂ ಇಲ್ಲ. ನಿಯಮ ನಿನ್ನದೇ.

ಬೇರೆ ಏನಾದರೂ ಕೇಳುವುದಿದ್ದರೆ ನಾಲ್ಕು ಅಂತ ಹಾಕಿ ಕೇಳು. ಮೊದಲ ಕೂಗಿಗೇ ಓ ಅನ್ನುತ್ತೇನೆ.

ಸುಮಿತ್ರಾ